ಪ್ರೋದಾನನ ಕ್ಯಾಮೆರಾಕ್ಕೆ ಸಿಕ್ಕವರು

ಪ್ರೋದಾನ್ ಚುಕುರ್ಲೀವ್ ಕ್ಯಾಮೆರಾ ಎತ್ತಿದನೆಂದರೆ ನಮ್ಮ ಗೋರ್ನಿ ಬ್ರ್ಯಾಗ್ ಊರಿನ ಗಟ್ಟಿಮುಟ್ಟಾದ ಗಂಡಸರು ಕೂಡ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳಲು ಶುರುಮಾಡುತ್ತಾರೆ. ಲೇಸಿಲ್ಲದ ಬೂಟು ಹಾಕಿದವರೂ ಕಟ್ಟಿಕೊಳ್ಳುತ್ತಾರೆ. ಹೆಂಗಸರು ಕೆಡುಕು ತಾಗದಿರಲೆಂದು ಕಿವಿ ಹಿಂಡಿಕೊಂಡು ಹತ್ತಿರದ ಮರದ ಬೆಂಚನ್ನು ಕುಟ್ಟುತ್ತಾರೆ. ಬೆಂಚು ಸಿಗದಿದ್ದರೆ ಗಂಡನ ತಲೆಯನ್ನು. ಡ್ಯಾನ್ಯೂಬ್ ನದಿಯ ಈಚೆ ದಡದಲ್ಲಿ ಇಷ್ಟು ಭಯ ಹುಟ್ಟಿಸಿದ ಯೋಧ ಇನ್ನೊಬ್ಬನಿಲ್ಲ. ಆದರೆ ಈ ಯೋಧ ಜೀವಮಾನದಲ್ಲಿ ಒಂದು ಕೋಳಿಯ ಕತ್ತನ್ನೂ ಮುರಿದವನಲ್ಲ. ಕೋಳಿ ಮುರಿಯುವುದು ಅವನ ಹೆಂಡತಿ ವೆಲಿಚ್ಕಾ.

ಧಾನ್ಯದ ಗೋದಾಮಿನಲ್ಲಿ ಲಾರಿಗಳನ್ನು ತೂಗುವುದು ಅವನ ಹೊಟ್ಟೆಪಾಡು. ಫೋಟೋ ತೆಗೆಯುವುದು ಅವನ ಹುಚ್ಚು. ಈ ಹುಚ್ಚಿನಿಂದ ಅವನು ಬಯಸಿದ್ದಾದರೂ ಏನು? ತಾನು ತೆಗೆದ ಒಂದು ಫೋಟೋ, ಊರವರೆಲ್ಲ ಓಡಾಡುವ ಒಂದು ಗೋಡೆ, ಫೋಟೋದ ಕೆಳಗೆ ತನ್ನ ಹೆಸರು. ಅಷ್ಟೇ. ಊರ ಮೇಯರು ಕುರಿದೊಡ್ಡಿಗೂ ತನ್ನ ಹೆಸರಿನ ಫಲಕ ಹಾಕಿಸಿಕೊಳ್ಳುವ ಕಾಲದಲ್ಲಿ ಇದೇನು ದುರಾಸೆಯಲ್ಲ.

ಹಾಡು-ಕುಣಿತ ಎಲ್ಲಿದ್ದರೂ ಅವನು ದಂಡಯಾತ್ರೆ ಹೊರಡುತ್ತಿದ್ದ. ಭಾವಮೈದುನನ ಹಳೆಯ ಮೀನುಗಾರಿಕೆಯ ಅಂಗಿಗೆ ವೆಲಿಚ್ಕಾ ಹೊಲಿದುಕೊಟ್ಟ ಜೇಬುಗಳಲ್ಲಿ ಲೆನ್ಸುಗಳು, ಬ್ಯಾಟರಿಗಳು, ಬಟ್ಟೆಯಲ್ಲಿ ಸುತ್ತಿದ, ಚೀಸ್ ತುಂಬಿದ ಬಾನಿತ್ಸಾ ರೊಟ್ಟಿಯ ತುಂಡು. ನಡೆದರೆ ಗಡಿಗೆ ಅಂಗಡಿ ನಡೆದು ಬಂದಂತೆ ಸದ್ದು. ಕಲ್ಲಂಗಡಿ ಹಬ್ಬಕ್ಕೆ ರಾಜಧಾನಿಯಿಂದ ಹೆಸರುವಾಸಿ ಗಾಯಕಿಯೊಬ್ಬಳು ಬಂದ ಬೇಸಿಗೆಯಲ್ಲಿ ನಮ್ಮ ವೀರ ವೇದಿಕೆಯ ಬುಡಕ್ಕೇ ನುಗ್ಗಿದ. ಅಲ್ಲಿ ಕತ್ತೇ ಇಲ್ಲದ ಒಬ್ಬ ಕಾವಲುಗಾರ ನಿಂತಿದ್ದ.

"ಪಾಸೆಲ್ಲಿ?"

"ನಾನು ಈ ಊರಿನವನು ಕಣಪ್ಪ."

"ಅದಕ್ಕೇ ಕೇಳಿದ್ದು."

ಎತ್ತಿ ಆಚೆ ಇಟ್ಟ. ಪ್ರೋದಾನ್ ಇನ್ನೊಂದು ಬದಿಯಿಂದ ಬಂದ. ಮತ್ತೆ ಎತ್ತಿ ಇಟ್ಟ. ಕೊನೆಗೆ ನಮ್ಮವನು ಸ್ಪೀಕರ್ ಪೆಟ್ಟಿಗೆಗಳ ಸಂದಿಯಲ್ಲಿ ತೂರಿಕೊಂಡು, ಎರಡೂ ಕಿವಿ ಕೆಪ್ಪಾಗುವ ತನಕ ಸಮರ ಸಾರಿದ. ವೇದಿಕೆಯ ಮೇಲೆ ಹೊಗೆ ಬಿಡುವ ಯಂತ್ರವಿತ್ತು. ಅವನು ಎಷ್ಟು ತೆಗೆದರೂ ಗಾಯಕಿ ಒಂದು ಮೋಡ, ಮೋಡದಿಂದ ಹೊರಬಂದ ಒಂದು ಬೂಟು. ಆದರೆ ಎದುರಿಗಿದ್ದ ಜನ? ಅಬ್ಬಾ! ಒಂದೊಂದು ಮುಖವೂ ಈಗಷ್ಟೇ ತೊಳೆದಿಟ್ಟ ಹಾಗೆ. ನಕ್ಕವರು, ಬಾಯಿ ತೆರೆದು ಹಾಡಿದವರು, ಸೂರ್ಯಕಾಂತಿ ಬೀಜದ ಸಿಪ್ಪೆ ತುಟಿಗೆ ಅಂಟಿಸಿಕೊಂಡೇ ಕಣ್ಣೊರೆಸಿಕೊಂಡವರು. ಅವರ ನಡುವೆ ಮೀನುಗಾರ ಮಿನ್ಚೋ, ಕೈಯಲ್ಲಿ ಕಲ್ಲಂಗಡಿ ಹೋಳು, ಮದುವೆಯ ದಿನವೂ ನಗದಿದ್ದ ಮನುಷ್ಯ ಹಲ್ಲೆಲ್ಲ ಬಿಟ್ಟು ನಗುತ್ತಿದ್ದ.

ಗಾಯಕಿ ಸಿಗಲಿಲ್ಲವೆಂದು ಪ್ರೋದಾನ್ ಒಂದು ವಾರ ಕ್ಯಾಮೆರಾ ಮುಟ್ಟಲಿಲ್ಲ.

ಎಲೆ ಉದುರುವ ಹೊತ್ತಿಗೆ ಮಿನ್ಚೋ ತೀರಿಕೊಂಡ. ನಮ್ಮಲ್ಲಿ ಸತ್ತವರ ಮುಖ ಊರಿನ ಕಂಬಗಳಿಗೆ ಏರಲೇಬೇಕು. ಸಾವಿನ ಹಾಳೆ ಎನ್ನುತ್ತೇವೆ: ಕಪ್ಪು ಅಂಚು, ಮೇಲೆ ಫೋಟೋ, ಕೆಳಗೆ ಹೆಸರು. ಮನೆಯ ಗೇಟಿಗೆ, ಬಸ್ ನಿಲ್ದಾಣಕ್ಕೆ, ಬ್ರೆಡ್ ಅಂಗಡಿಯ ಎದುರಿನ ಮರಕ್ಕೆ. ನಲವತ್ತನೇ ದಿನಕ್ಕೆ ಮತ್ತೊಂದು, ವರ್ಷ ತುಂಬಿದಾಗ ಮಗದೊಂದು. ಬದುಕಿದ್ದಾಗ ಯಾರೂ ತಿರುಗಿ ನೋಡದವನನ್ನೂ ಸತ್ತಮೇಲೆ ಬಸ್ಸಿಗೆ ಕಾಯುವವರೆಲ್ಲ ನೋಡುತ್ತಾರೆ. ಮಿನ್ಚೋನ ಹೆಂಡತಿ ಗಿನ್ಕಾ ಅಜ್ಜಿಯ ಹತ್ತಿರ ಇದ್ದದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ಆತ ಪೊಲೀಸರು ಹುಡುಕುತ್ತಿರುವವನ ಹಾಗಿದ್ದ.

"ಪ್ರೋದಾನ್, ಮಗಾ," ಅಜ್ಜಿ ಕರವಸ್ತ್ರ ಹಿಡಿದು ಬಂದಳು. "ಆ ಹಾಡಿನ ದಿನ ನಮ್ಮವರು ಸಿಕ್ಕಿದ್ರಾ ನಿಂಗೆ?"

ಸಿಕ್ಕಿದ್ದರು. ಆ ನಗು ಕಂಬ ಏರಿತು. ಊರೇ ನಿಂತು ನೋಡಿತು. "ಎಷ್ಟು ಚೆನ್ನಾಗಿ ಸತ್ತಿದಾನೆ ನೋಡು!" ಎಂದಿತು. ಒಂದೇ ತೊಡಕು: ಮುಖವನ್ನು ಗುಂಪಿನಿಂದ ಕತ್ತರಿಸುವಾಗ ಮಿನ್ಚೋನ ಭುಜದ ಮೇಲೆ ಯಾರದೋ ಕೈಬೆರಳುಗಳು ಉಳಿದುಬಿಟ್ಟಿದ್ದವು. ಕೆಂಪು ಬಣ್ಣದ ಉಗುರುಗಳು. ಹಾಳೆ ಹರಿದು ಹೋಗುವ ತನಕ ನಮ್ಮೂರಿನ ಹೆಂಗಸರೆಲ್ಲ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಬ್ರೆಡ್ ತರಲು ಹೋದರು.

ಅದೇ ಸಂದರ್ಭದಲ್ಲಿ ಪ್ರೋದಾನ್ ಬಾಯಿಬಿಟ್ಟು ಕೇಳಿದ್ದ: "ಗಿನ್ಕಾ ಅಜ್ಜಿ, ಹಾಳೆಯ ಮೂಲೇಲಿ ಸಣ್ಣದಾಗಿ ನನ್ನ ಹೆಸರು ಹಾಕಿಸ್ಬಹುದಾ? ಫೋಟೋ ತೆಗೆದವನು ಅಂತ?"

"ಅಯ್ಯೋ ನಿನ್ನ! ಸಾವಿನ ಹಾಳೇಲಿ ಎರಡು ಹೆಸರು ಹಾಕಿಸ್ತಾರೇನೋ? ನೋಡಿದವರು ಜೋಡಿ ಸತ್ತಿದೆ ಅಂತ ಎರಡೆರಡು ಸಲ ಹೂ ತರ್ತಾರೆ!"

ಹೆಸರು ಹಾಕಿಸಲಿಲ್ಲ. ಸುದ್ದಿ ಮಾತ್ರ ಹಬ್ಬಿತು. ಯಾರ ಮನೆಯಲ್ಲಿ ಸಾವಾದರೂ ಮೊದಲು ಪಾದ್ರಿಗೆ, ಆಮೇಲೆ ಪ್ರೋದಾನನಿಗೆ ಫೋನು. ಅವನು ತಿಂಗಳುಗಟ್ಟಲೆ ಕಾದು ಹಿಡಿದ ತುತ್ತೂರಿ, ಬೆಳಕು, ಹಾರುವ ಲಂಗಗಳು, ಎಲ್ಲವೂ ಕತ್ತರಿಯ ಪಾಲು. ಉಳಿಯುವುದು ನಡುವಿನ ಒಂದು ಬೋಳುತಲೆ. ಬೇಡ ಎನ್ನುವ ಧೈರ್ಯ ಅವನಿಗಿರಲಿಲ್ಲ. ಅಳುವವರೆದುರು ಯಾರು ಬೇಡ ಎನ್ನುತ್ತಾರೆ? ಎರಡು-ಮೂರು ವರ್ಷಗಳಲ್ಲಿ ನಮ್ಮೂರಿನ ಕಂಬಗಳೆಲ್ಲ ಅವನ ಕೈಚಳಕದಿಂದ ನಗತೊಡಗಿದವು. ಆಗ ಊರಿನ ಬುದ್ಧಿಗೆ ಒಂದು ಬೆಳಕು ಹೊಳೆಯಿತು: ಕಂಬದ ಮೇಲಿರುವವರೆಲ್ಲರ ಫೋಟೋವನ್ನೂ ತೆಗೆದವನು ಪ್ರೋದಾನ್. ಅಂದಮೇಲೆ ಪ್ರೋದಾನ್ ಫೋಟೋ ತೆಗೆದವರೆಲ್ಲ ಕಂಬಕ್ಕೆ. ಈ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಶಾಲೆಯ ಗಣಿತದ ಮೇಷ್ಟರಿಗೂ ತೋಚಲಿಲ್ಲ. ತೋಚಿದ್ದರೂ ಅವರೂ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

ಮೇಯರು ಹೊಸ ಕುಡಿಯುವ ನೀರಿನ ಕಾರಂಜಿಗೆ ರಿಬ್ಬನ್ ಕತ್ತರಿಸಿದ ದಿನ ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಆದರೂ ಅವರ ಡ್ರೈವರು ಕಪ್ಪು ಕೊಡೆ ಬಿಚ್ಚಿ ಮೇಯರ ಮುಖಕ್ಕೆ ಅಡ್ಡ ಹಿಡಿದ.

"ಕೊಡೆ ಒಂಚೂರು ಸರಿಸಪ್ಪ," ಎಂದ ಪ್ರೋದಾನ್.

"ಸರಿಸೋಕಾಗಲ್ಲ ಅಣ್ಣ. ಅವರಿಗೆ ಮುಂದಿನ ವರ್ಷ ಚುನಾವಣೆ ಇದೆ. ಅಲ್ಲೀತನಕ ಬದುಕಿರ್ಬೇಕು."

ಆ ಫೋಟೋದಲ್ಲಿ ಕೊಡೆಯೂ ಕತ್ತರಿಯೂ ಬಹಳ ಚೆನ್ನಾಗಿ ಬಂದಿವೆ.

ಹೀಗಿರುವಾಗ ನಮ್ಮೂರ ಗಾಳಿವಾದ್ಯದ ತಂಡಕ್ಕೆ ನೂರು ವರ್ಷ ತುಂಬಿತು. ಉತ್ಸವ ಓದುಮನೆಯಲ್ಲಿ. ಅದು ಹೆಸರಿಗೆ ಓದುಮನೆ. ಓದುವುದೊಂದು ಬಿಟ್ಟು ಹಾಡು, ಕುಣಿತ, ಸಭೆ, ಜಗಳ ಎಲ್ಲ ಅಲ್ಲೇ ನಡೆಯುತ್ತದೆ. ಅದರ ಕಾರ್ಯದರ್ಶಿ ದೆಸ್ಪಿನಾ ಚುರುಕು ಹೆಂಗಸು, ನಾಲ್ಕು ಜನರ ಕೆಲಸ ಮಾಡಿ ಐದು ಜನರ ಹೊಗಳಿಕೆ ತೆಗೆದುಕೊಳ್ಳುವವಳು. ಹಾಲಿನ ಉದ್ದನೆಯ ಗೋಡೆಯ ಸುಣ್ಣ ಕಿತ್ತು ಬಂದಿತ್ತು. ಅದನ್ನು ಮುಚ್ಚಲು ಏನಾದರೂ ಬೇಕಿತ್ತು. ಅವಳು ಪ್ರೋದಾನನನ್ನು ಕರೆಸಿದಳು.

"ಪ್ರೋದಾನಣ್ಣ, ನಿನ್ನ ಸಂಗೀತದ ಫೋಟೋಗಳನ್ನ ತೂಗುಹಾಕೋಣ. ದೊಡ್ಡದಾಗಿ. ಪ್ರದರ್ಶನ!"

ಪ್ರೋದಾನನ ಕಿವಿಯಲ್ಲಿ ಆ ಕ್ಷಣ ರಣಕಹಳೆ ಮೊಳಗಿತು. "ಹೆಸರು?" ಎಂದ.

"ಅದೇ ಸ್ವಲ್ಪ ಕಷ್ಟ. ನಿನ್ನ ಹೆಸರು ನೋಡಿದ್ರೆ ಒಬ್ಬರೂ ಒಳಗೆ ಕಾಲಿಡಲ್ಲ."

"ಹೆಸರಿಲ್ಲದಿದ್ರೆ ಫೋಟೋನೂ ಇಲ್ಲ."

"ತಡಿಯಪ್ಪ, ಪೂರ್ತಿ ಕೇಳು. ಮೊದಲು ಜನ ಬರ್ಲಿ, ನೋಡ್ಲಿ, ಬಾಯ್ತುಂಬ ಹೊಗಳ್ಲಿ. ಆಮೇಲೆ ನಾನು ಗ್ಲಾಸ್ ಎತ್ತಿ ನಿನ್ನ ಹೆಸರು ಹೇಳ್ತೀನಿ. ಹೊಗಳಿದ ಬಾಯಿಂದ ಉಗಿಯೋಕಾಗುತ್ತಾ? ಹೆಸರಿನ ಕಾರ್ಡೂ ಅಚ್ಚು ಹಾಕಿಸಿಟ್ಟಿರ್ತೀನಿ. ಆಗಲೇ ಅಂಟಿಸೋಣ."

ಪ್ರೋದಾನ್ ಒಪ್ಪಿದ. ಮನೆಯಲ್ಲಿ ಊಟದ ಮೇಜು, ಹಾಸಿಗೆ, ಫ್ರಿಜ್ಜಿನ ಮೇಲೆಲ್ಲ ಫೋಟೋ ಹರಡಿ ಆರಿಸಿದ. ಬದುಕಿರುವವರನ್ನು ಮಾತ್ರ ಆರಿಸಿದ. ಕತ್ತರಿ ಮುಟ್ಟಿಸಲಿಲ್ಲ.

ಆ ಸಂಜೆ ಓದುಮನೆ ತುಂಬಿತು. ಜನ ಬಂದರು, ಗೋಡೆ ನೋಡಿದರು. ಆಮೇಲೆ ಮುಗಿಬಿದ್ದರು. ಟ್ಯೂಬಾ ಊದುವ ಪೆನ್ಚೋ ಗಾಳಿ ತುಂಬಿದ ಕೆನ್ನೆಯೊಂದಿಗೆ ಸಾಕ್ಷಾತ್ ವಾಯುದೇವನಂತಿದ್ದ. ತುತ್ತೂರಿಯ ಬಾಯಲ್ಲಿ ಊರ ಇಡೀ ಚೌಕ ಮಡಚಿಕೊಂಡು ಹೊಳೆಯುತ್ತಿತ್ತು. ಬ್ರೆಡ್ ಅಂಗಡಿಯವಳು ಕುಣಿಯುತ್ತ ನೆಲದಿಂದ ಒಂದು ಗೇಣು ಮೇಲಿದ್ದಳು. ಅವಳ ಮೈಕಟ್ಟು ಬಲ್ಲವರಿಗೆ ಅದೊಂದು ಪವಾಡ. ಮೂಲೆಯಲ್ಲಿ ವೆಲಿಚ್ಕಾ, ಹಾಡು ಕೇಳುತ್ತ, ಇಪ್ಪತ್ತು ವರ್ಷ ಚಿಕ್ಕವಳಾಗಿ. ಎಲ್ಲರೂ ತಮ್ಮ ತಮ್ಮ ಮುಖದ ಎದುರು ನಿಂತು, ಇಷ್ಟು ದಿನ ಕನ್ನಡಿ ತಮಗೆ ಮೋಸ ಮಾಡಿತ್ತು ಎಂದುಕೊಂಡರು.

ನನ್ನ ಫೋಟೋ ಅಲ್ಲಿರಲಿಲ್ಲ. ಹಾಗಾಗಿ ನಾನು ನೆಮ್ಮದಿಯಾಗಿ ರಾಕಿಯಾ ಕುಡಿಯುತ್ತ ಪ್ರೋದಾನನ ಪಕ್ಕದಲ್ಲಿ ನಿಂತಿದ್ದೆ. ಅವನು ಬೆವರುತ್ತಿದ್ದ. ಮದುವೆಯ ಕೋಟು ಹಾಕಿದ್ದ. ಅದರ ಗುಂಡಿಗಳು ಅವನಿಗಿಂತ ಹೆಚ್ಚು ಬಿಗಿಯಾಗಿದ್ದವು.

ಪೆನ್ಚೋ ಬಂದು ಅವನ ಬೆನ್ನಿಗೆ ಗುದ್ದಿದ. "ನೋಡಿದೆಯಾ ಪ್ರೋದಾನ್? ಇದಪ್ಪ ಫೋಟೋ ಅಂದ್ರೆ! ರಾಜಧಾನಿಯವನೇ ಇರ್ಬೇಕು. ಕಲಿತ್ಕೋ ಸ್ವಲ್ಪ. ನೀನು ತೆಗೆದಿದ್ರೆ ನಾನಿಷ್ಟೊತ್ತಿಗೆ ಬಸ್ ನಿಲ್ದಾಣದಲ್ಲಿ ಅಂಟಿಕೊಂಡಿರ್ತಿದ್ದೆ!"

ಸುತ್ತಲಿದ್ದವರು ಗೊಳ್ಳೆಂದರು. ಪ್ರೋದಾನನೂ ನಕ್ಕ. ಆ ನಗು ಅವನ ಕೋಟಿನಷ್ಟೇ ಬಿಗಿಯಾಗಿತ್ತು.

ದೆಸ್ಪಿನಾ ಗ್ಲಾಸ್ ಎತ್ತಿದಳು. ತಂಡಕ್ಕೆ ವಂದನೆ, ಮೇಯರಿಗೆ ವಂದನೆ, ಸುಣ್ಣ ಬಳಿಯದೆ ಉಳಿಸಿದ ಪುರಸಭೆಗೂ ವಂದನೆ. "ಕೊನೆಯದಾಗಿ, ಈ ಅದ್ಭುತ ಚಿತ್ರಗಳ ಕಲಾವಿದರಿಗೆ..." ಎಂದು ಅವಳು ಜನರ ಕಡೆ ನೋಡಿದಳು. ಜನ ಅಷ್ಟೊಂದು ಖುಷಿಯಾಗಿದ್ದರು. ಮೇಯರು ಮೊದಲ ಬಾರಿ ಅವಳತ್ತ ನೋಡಿ ತಲೆಯಾಡಿಸುತ್ತಿದ್ದರು. ದೆಸ್ಪಿನಾ ಗ್ಲಾಸನ್ನು ಇನ್ನಷ್ಟು ಮೇಲಕ್ಕೆತ್ತಿದಳು. "...ಅವರು ತಮ್ಮ ಹೆಸರು ಹೇಳಬಾರದು ಅಂತ ಕೇಳಿಕೊಂಡಿದ್ದಾರೆ. ದೊಡ್ಡವರ ವಿನಯ ಹೀಗೇ ಇರತ್ತೆ. ಚಪ್ಪಾಳೆ!"

ಚಪ್ಪಾಳೆ ಎಂಥದ್ದೆಂದರೆ ಉಳಿದ ಸುಣ್ಣವೂ ಉದುರಿತು. ಆ ಗದ್ದಲದಲ್ಲಿ ಪ್ರೋದಾನ್ ಏನೋ ಹೇಳಿದ. ಯಾರಿಗೂ ಕೇಳಿಸಲಿಲ್ಲ. ಚಪ್ಪಾಳೆ ನಿಂತ ಮೇಲೆ ಅವನು ವೇದಿಕೆಯ ಮೆಟ್ಟಿಲು ಹತ್ತಿ ನಿಂತ. ಯಾವ ಕಾವಲುಗಾರನೂ ಎತ್ತಿ ಆಚೆ ಇಡಲಿಲ್ಲ.

"ನಾನು," ಎಂದ. "ನಾನೇ ತೆಗೆದದ್ದು. ಎಲ್ಲಾನೂ."

ಬ್ರೆಡ್ ಅಂಗಡಿಯವಳ ಕೈಯಿಂದ ಗ್ಲಾಸ್ ಬಿತ್ತು. ಆಮೇಲೆ ಕೇಳಿಸಿದ್ದು ಮರ ಕುಟ್ಟುವ ಸದ್ದು: ಕುರ್ಚಿ, ಬಾಗಿಲು, ಪಿಯಾನೋ, ಎಲ್ಲ ಕಡೆಯಿಂದ. ಓದುಮನೆಯ ತುಂಬ ಮರಕುಟಿಗಗಳು ಹೊಕ್ಕ ಹಾಗೆ.

ಮೊದಲು ಕದಲಿದವನು ಪೆನ್ಚೋ. ಒಳ್ಳೆಯ ಮನುಷ್ಯ, ಮುಖದ ಮೇಲೆ ಹೇಳುವವನು. ನೇರ ಗೋಡೆಯ ಹತ್ತಿರ ಹೋಗಿ ತನ್ನ ವಾಯುದೇವನನ್ನು ಮೊಳೆಯಿಂದ ಕಳಚಿ ಕಂಕುಳಲ್ಲಿ ಇಟ್ಟುಕೊಂಡ.

"ತಪ್ಪು ತಿಳ್ಕೋಬೇಡ ಪ್ರೋದಾನ್. ಫೋಟೋ ಚೆನ್ನಾಗಿದೆ. ಚೆನ್ನಾಗಿರೋದೇ ತೊಂದರೆ. ಇಷ್ಟು ಚೆನ್ನಾಗಿರೋದನ್ನ ನೋಡಿದ್ರೆ ನನ್ನ ಹೆಂಡ್ತಿ ಈಗಿಂದಲೇ ಎತ್ತಿಟ್ಕೋತಾಳೆ."

"ಲೋ, ನೀನೇ ಈಗ ಹೊಗಳಿದೆಯಲ್ಲೋ!"

"ಹೊಗಳಿದ್ದು ರಾಜಧಾನಿಯವನನ್ನ."

ಆಮೇಲೆ ಒಬ್ಬೊಬ್ಬರಾಗಿ ಬಂದರು. ಬೈಗುಳವಿಲ್ಲ, ಜಗಳವಿಲ್ಲ, ಬಹಳ ಮರ್ಯಾದೆಯಿಂದ ತಂತಮ್ಮ ಮುಖ ಕಳಚಿಕೊಂಡು, ನೋಡದೆ ಮಗುಚಿ ಹಿಡಿದು, "ಒಳ್ಳೆ ಸಂಜೆ ಪ್ರೋದಾನಣ್ಣ, ಬಾನಿತ್ಸಾ ಚೆನ್ನಾಗಿತ್ತು" ಎಂದು ಹೊರಟರು. ಹರಿದು ಹಾಕಿದವರು ಒಬ್ಬರೂ ಇಲ್ಲ. ಅಷ್ಟು ಚೆಂದದ ಫೋಟೋವನ್ನು ಯಾರು ಹರಿಯುತ್ತಾರೆ? ಒಂದಲ್ಲ ಒಂದು ದಿನ ಬೇಕಾಗುತ್ತದಲ್ಲ.

ಪ್ರೋದಾನ್ ಮೆಟ್ಟಿಲ ಮೇಲೇ ನಿಂತಿದ್ದ. ಗೋಡೆಯ ಕೊನೆಯಲ್ಲಿ ಒಂದೇ ಚಿತ್ರ ಉಳಿದಿತ್ತು. ಅವನು ಅದರ ಮೇಲೆ ಕಣ್ಣು ನೆಟ್ಟಿದ್ದ. ಅದರ ಕಡೆಗೆ ವೆಲಿಚ್ಕಾ ಕೈಚೀಲ ತೋಳಿಗೆ ಹಾಕಿಕೊಂಡು, ಚರ್ಚಿನಲ್ಲಿ ನಡೆಯುವವಳ ಹಾಗೆ ಮೆಲ್ಲಗೆ ಹೋದಳು.

"ನೀನೂನಾ ವೆಲಿಚ್ಕಾ?"

"ನಂಗೆ ಬಿಪಿ ಇದೆ, ಪ್ರೋದಾನ್," ಎಂದಳು ಅವಳು ತಿರುಗದೆ. ಮೊಳೆ ಸ್ವಲ್ಪ ಎತ್ತರದಲ್ಲಿತ್ತು. ನಿಲುಕಲಿಲ್ಲ. "ಬಾ, ಸ್ವಲ್ಪ ತೆಗೆದುಕೊಡು."

ಅವನು ಹೋಗಿ ತೆಗೆದುಕೊಟ್ಟ.

ಹಾಲಿನಲ್ಲಿ ಉಳಿದದ್ದು ನಾವು ನಾಲ್ವರು, ಸಾಲಾಗಿ ಮೊಳೆಗಳು, ಕಿತ್ತ ಸುಣ್ಣ. ದೆಸ್ಪಿನಾ ಮೇಜಿನ ಡ್ರಾಯರ್ ಎಳೆದು ಒಂದು ದಪ್ಪನೆಯ ಬಿಳಿ ಕಾರ್ಡು ತಂದಳು. ಮಾತಿಗೆ ತಪ್ಪುವ ಹೆಂಗಸಲ್ಲ. ಅಚ್ಚು ಹಾಕಿಸಿಯೇ ಇಟ್ಟಿದ್ದಳು, ಚಿನ್ನದ ಅಕ್ಷರಗಳಲ್ಲಿ. ಛಾಯಾಚಿತ್ರಗಳು: ಪ್ರೋದಾನ್ ಚುಕುರ್ಲೀವ್.

"ಈಗ ಹಾಕ್ಬಹುದು ಅಣ್ಣ," ಎಂದಳು. "ಈಗ ಯಾರದೂ ಅಭ್ಯಂತರ ಇರಲ್ಲ."

ಖಾಲಿ ಗೋಡೆಯ ನಡುವೆ, ಕಣ್ಣಿನ ಎತ್ತರಕ್ಕೆ ಸರಿಯಾಗಿ ಅಂಟಿಸಿದಳು. ಸ್ವಲ್ಪ ಓರೆಯಾಯಿತು. ಪ್ರೋದಾನ್ ಹತ್ತಿರ ಹೋಗಿ ನೆಟ್ಟಗೆ ಮಾಡಿದ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ, ಮತ್ತೆ ಹೋಗಿ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಆಮೇಲೆ ಹೆಂಡತಿಯ ಕೈಯಿಂದ ಆ ಭಾರದ ಫೋಟೋ ಇಸಿದುಕೊಂಡು, ಮಗುಚಿಯೇ ಹಿಡಿದು, ಅವಳ ಹಿಂದೆ ಮನೆಗೆ ನಡೆದ.