ತರವಾಡಿನ ಡೇಟಾಬೇಸ್‌ನಲ್ಲಿ ನಾನು

ಸ್ನೇಹಿತರೇ, ನಮ್ಮ ತರವಾಡು, ಅಂದರೆ ಮೂಲಮನೆಯ ಕುಟುಂಬದ ಆ್ಯಪ್‌ಗೆಂದು ಇವತ್ತು ಡೇಟಾಬೇಸ್‌ನ ನಕ್ಷೆ, ಇಆರ್ ಡಯಾಗ್ರಾಂ ಬರೆದೆ. ವ್ಯಕ್ತಿಗೊಂದು ಚೌಕ, ಕುಟುಂಬಕ್ಕೊಂದು ಚೌಕ, ನಡುವೆ ಸಂಬಂಧದ ಗೆರೆ. ಆಫೀಸಿನ ಅಭ್ಯಾಸದಂತೆ ಮಕ್ಕಳ ಗೆರೆಯನ್ನು ಅಪ್ಪನ ಕುಟುಂಬಕ್ಕೆ ಎಳೆದಿದ್ದೆ.

ಬಾಯಾರು ಊರಿನಿಂದ ಬಂದಿದ್ದ ಸೋದರಮಾವ ನೋಡಿದರು. "ಇದು ಎಂತ ಮಾರಾಯ? ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಅಲ್ವಾ?"

ಹೌದಲ್ಲ ಎಂದು ಗೆರೆ ಬದಲಿಸಿ, ಪರೀಕ್ಷೆಗೆ ನಮ್ಮ ಮನೆಯವರನ್ನೇ ತುಂಬಿಸಿದೆ. ಹೆಂಡತಿ ಮಕ್ಕಳು ಒಂದು ಕುಟುಂಬವಾದರು, ನಾನೊಬ್ಬ ಇನ್ನೊಂದು.

ಮಗಳು ಸ್ಕ್ರೀನ್ ನೋಡಿ ಕೂಗಿದಳು. "ಅಮ್ಮಾ, ಅಪ್ಪ ನಮ್ಮ ಕುಟುಂಬ ಅಲ್ಲವಂತೆ."

ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು. "ಗೊತ್ತುಂಟು. ಊಟಕ್ಕೆ ಆಯ್ತು, ಆ ನೆಂಟರನ್ನು ಕರಿ."

ಊಟವಾದ ಮೇಲೆ ಪಾತ್ರೆ ಮಾತ್ರ ಈ ನೆಂಟನೇ ತೊಳೆದ.