ಡೇಗೆಗೆ ಕಟ್ಟಿದ ಗೋಣಿತಟ್ಟು

ನನ್ನ ಅತ್ತೆಗೆ ಆ ಹಕ್ಕಿಯ ಮೇಲೆ ಸಿಟ್ಟು ಬಂದದ್ದು ಸಂಡಿಗೆಯ ದೆಸೆಯಿಂದ. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ದೇವದುರ್ಗದಿಂದ ರಾಯಚೂರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾವನವರದು ಅಕ್ಕಿ ಮಿಲ್ಲು. ಮನೆಯೂ ಮಿಲ್ಲೂ ಒಂದೇ ಕಂಪೌಂಡಿನೊಳಗೆ. ನಮ್ಮ ಮಾಳಿಗೆಗೆ ಅಂಟಿಕೊಂಡೇ ಮಿಲ್ಲಿನ ಎತ್ತರದ ಗೋಡೆ. ಶಿವರಾತ್ರಿ ದಾಟಿತೆಂದರೆ ಮಾಳಿಗೆಯ ತುಂಬ ಹಳೆಯ ಧೋತರ ಹಾಸಿ ಸಂಡಿಗೆ, ಹಪ್ಪಳ, ಶಾವಿಗೆ ಒಣಹಾಕುವುದು ಅತ್ತೆಯ ಪ್ರತಿವರ್ಷದ ದಂಡಯಾತ್ರೆ. ಒಂದು ಮಧ್ಯಾಹ್ನ ಆ ಬೆಳ್ಳನೆಯ ಸಂಡಿಗೆಯ ನಟ್ಟನಡುವೆ ಪಾರಿವಾಳದ ಒಂದು ರೆಕ್ಕೆ ಬಿದ್ದಿತ್ತು. ಬುಡದಲ್ಲಿ ಹಸಿ ರಕ್ತ.

ಲಿಂಗ ಕಟ್ಟಿಕೊಂಡವರ ಮನೆ ನಮ್ಮದು. ಕೋಳಿಯ ತತ್ತಿಯೂ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅತ್ತೆ ಕೂಗಿದ ಕೂಗಿಗೆ ಎಲ್ಲೋ ಬೆಂಕಿ ಬಿದ್ದಿದೆಯೆಂದು ಮಿಲ್ಲಿನ ಹಮಾಲರು ಬಕೆಟ್ ಹಿಡಿದು ಓಡಿಬಂದರು.

"ನನ್ನ ಮಾಳಿಗಿ ಮ್ಯಾಲ ಕಸಾಯಿಖಾನಿ ಇಟ್ಟೋರು ಯಾರ್ಲೇ?"

ಯಾರೂ ಇಟ್ಟಿರಲಿಲ್ಲ. ತಲೆಯೆತ್ತಿ ನೋಡಿದರೆ, ಮಿಲ್ಲಿನ ಗೋಡೆಯ ಮೇಲುಗಡೆ, ಇಟ್ಟಿಗೆ ಕಟ್ಟಿ ಮುಚ್ಚಿದ್ದ ಹಳೆಯ ಕಿಟಕಿಯ ಮುಂದೆ ಚಾಚಿಕೊಂಡ ಕಲ್ಲಿನ ಮೇಲೆ ಒಂದು ಹಕ್ಕಿ ಕೂತು ನಮ್ಮನ್ನೇ ನೋಡುತ್ತಿತ್ತು. ಕಪ್ಪು ತಲೆ, ಕೆನ್ನೆಯ ಮೇಲೆ ಇಳಿಬಿದ್ದ ಕಪ್ಪು ಮೀಸೆ, ಕಾವಿ ಬಣ್ಣದ ಹೊಟ್ಟೆ, ಅರಿಸಿನ ಬಳಿದಂಥ ಕಾಲು. ಕಂಡ ಕೂಡಲೇ ನನಗೆ ಗುರುತು ಸಿಕ್ಕಿತು. ದೇವದುರ್ಗದಲ್ಲಿ ನಮ್ಮ ಹೊಲದಾಚೆ ದೊಡ್ಡ ದೊಡ್ಡ ಬಂಡೆಗಳಿದ್ದವು. ನಮ್ಮ ಹೊಲದಲ್ಲಿ ಕುರಿ ತರುಬಲು ಬರುತ್ತಿದ್ದ ಕುರಿಗಾರರು ಆ ಬಂಡೆಯ ಸಂದಿನಲ್ಲಿರುತ್ತಿದ್ದ ಇದೇ ಹಕ್ಕಿಯನ್ನು ತೋರಿಸಿ ಡೇಗಿ ಅನ್ನುತ್ತಿದ್ದರು; ಗಿಡುಗದ ಜಾತಿಯ ಬೇಟೆಹಕ್ಕಿ, ಡೇಗೆ. ಈ ಪೇಟೆಯಲ್ಲಿ, ಇಷ್ಟೊಂದು ಗದ್ದಲದಲ್ಲಿ ಅದನ್ನು ಕಂಡು ತವರಿನವರು ಯಾರೋ ಬಂದಷ್ಟು ಸಂತೋಷವಾಯಿತು. ಆದರೆ ಬಾಯಿ ಬಿಡಲಿಲ್ಲ. ಮಾಳಿಗೆಯ ಮೇಲೆ ಗಟ್ಟಿಯಾಗಿ ನಕ್ಕರೂ "ಹಮಾಲರು ಕೇಳ್ತಾರ" ಎಂದು ಬೈಸಿಕೊಳ್ಳುವ ಕಾಲ ಅದು.

ಮಾವನವರು ಮಾತ್ರ ಡೇಗೆಯ ಪಕ್ಷ. ಕಲ್ಮಲ, ಗುಂಜಹಳ್ಳಿ ಕಡೆಯಿಂದ ಗಾಡಿಗಟ್ಟಲೆ ಭತ್ತ ಬರುತ್ತಿತ್ತು. ಕುದಿಸಿ ಕಣದಲ್ಲಿ ಹರವಿದ ಭತ್ತಕ್ಕೆ ರಾಯಚೂರಿನ ಪಾರಿವಾಳಗಳೆಲ್ಲ ಊಟಕ್ಕೆ ಕರೆದವರಂತೆ ಬಂದಿಳಿಯುತ್ತಿದ್ದವು.

"ಇರ್ಲಿ ಬಿಡು," ಅಂದರು ಮಾವ. "ಆಳಿಟ್ರೂ ಹೋಗದಿದ್ದ ಪಾರಿವಾಳ ಹೋದ್ವು. ಪಗಾರ ಇಲ್ದ ದುಡಿಯಾಕತ್ತದ, ದುಡೀಲಿ."

"ನೀವು ನಿಮ್ಮ ನೆಲ್ಲು ನೋಡ್ರಿ. ನನ್ನ ಮಡಿ ನೋಡೋರು ಯಾರು? ಯುಗಾದಿಯೊಳಗ ಅದು ಅಲ್ಲಿಂದ ಹೋಗ್ಬೇಕು. ಇಲ್ಲಂದ್ರ ನಾ ಮಾನ್ವಿಗಿ ಮಗಳ ಮನಿಗಿ ಹೋಗ್ತೀನಿ."

ಮಾವನವರು ಸೋತರು. ಯುಗಾದಿಗೆ ಮಿಲ್ಲಿಗೆ ಸುಣ್ಣ ಹೊಡೆಸುವಾಗ ಆ ಕಲ್ಲನ್ನೂ ತೊಳೆಸಿಬಿಡುತ್ತೇನೆಂದು ಮಾತು ಕೊಟ್ಟರು. ಅದೇ ವಾರ, ಮಾಳಿಗೆಯ ಪಕ್ಕದಲ್ಲಿ ಗೋಡೆಗೆ ಹೂತಿದ್ದ ಕಬ್ಬಿಣದ ಏಣಿ ಹತ್ತಿ, ಚೀಲ ಎತ್ತುವ ಮೇಲಿನ ಗಾಲಿಗೆ ಎಣ್ಣೆ ಹಾಕಲು ಹೋದ ಹಮಾಲ ಇಳಿದು ಬಂದು ಹೇಳಿದ: "ಮೂರು ತತ್ತಿ ಇಟ್ಟದ್ರಿ ಯವ್ವಾ. ಗೂಡಿಲ್ಲ, ಕಡ್ಡಿಲ್ಲ, ಬರೇ ಧೂಳದಾಗ." ಸುಣ್ಣದವರು ಬಂದರೆ ಮೂರೂ ಕೆಳಗಿನ ಕಣಕ್ಕೆ ಬೀಳುವುದು ಖಂಡಿತ. ಯಾರ ಮುಂದೆ ಹೇಳಲಿ? ಗಂಡನ ಮುಂದೆ ಹೇಳಿದರೆ, "ಅವ್ವಗ ಹೇಳೋ ಧೈರ್ಯ ನಮ್ಮಪ್ಪಗಿಲ್ಲ, ನನಗ ಎಲ್ಲಿಂದ ಬರಬೇಕು?" ಎಂದು ನಕ್ಕು ಮಗ್ಗುಲಾದರು.

ನಾನು ಬಟ್ಟೆ ಒಣಹಾಕುವ ನೆಪ, ಮೆಣಸಿನಕಾಯಿ ತಿರುವಿಹಾಕುವ ನೆಪ ಮಾಡಿ ಮಾಳಿಗೆಗೆ ಹೋಗುವುದು ಹೆಚ್ಚಾಯಿತು. ಎಂಥ ಹಕ್ಕಿಯದು! ದೊಡ್ಡದಾದ ಹೆಣ್ಣು ಕಾವಿಗೆ ಕೂತಿರುತ್ತಿತ್ತು, ಸಣ್ಣದಾದ ಗಂಡು ಬೇಟೆಗೆ ಹೋಗುತ್ತಿತ್ತು. ಅದು ಮುಗಿಲಿನಲ್ಲಿ ಒಂದು ಚುಕ್ಕೆಯಾಗಿ ನಿಂತು, ರೆಕ್ಕೆ ಮುಚ್ಚಿ ಕೆಳಗೆ ಬೀಳುತ್ತಿತ್ತು. ಸೀರೆ ಹರಿದಂಥ ಒಂದು ಸದ್ದು, ಗಾಳಿಯಲ್ಲಿ ನಾಲ್ಕು ಪುಕ್ಕ, ಅಷ್ಟೇ. ಪಾರಿವಾಳದ ಬಗ್ಗೆ ಮರುಕವಾಗುತ್ತಿರಲಿಲ್ಲವೇ ಎಂದು ಕೇಳಬೇಡಿ. ಆಗುತ್ತಿತ್ತು, ಆದರೂ ಮರುದಿನ ಮತ್ತೆ ನೋಡಲು ಹೋಗುತ್ತಿದ್ದೆ.

ಯುಗಾದಿ ಇನ್ನೂ ಸ್ವಲ್ಪ ದೂರವಿದ್ದಾಗ ಒಂದು ಸಂಜೆ ಮೂಡಲ ಕಡೆ ಕಪ್ಪಾಗಿ, ನೋಡುನೋಡುತ್ತಿದ್ದಂತೆ ಧೂಳು ಗಾಳಿ ಎದ್ದು ಆಣೆಕಲ್ಲು ಮಳೆ ಬಂತು. ಮನೆಯ ಹೆಂಗಸರೆಲ್ಲ ಸಂಡಿಗೆಯ ಧೋತರ ಎಳೆದುಕೊಂಡು ಓಡಿದರು. ನನ್ನ ಕೈಯಲ್ಲೂ ಒಂದು ಧೋತರದ ತುದಿಯಿತ್ತು, ಆದರೆ ಕಣ್ಣು ಮೇಲಕ್ಕೆ ಹೋಗಿ ಮೆಟ್ಟಿಲ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟೆ. ಡೇಗೆ ಹಾರಿಹೋಗಿರಲಿಲ್ಲ. ತಲೆ ತಗ್ಗಿಸಿ, ರೆಕ್ಕೆಗಳನ್ನು ಎರಡೂ ಕಡೆ ಬಿಡಿಸಿ ಕಲ್ಲಿಗೆ ಒತ್ತಿ ಹಿಡಿದು ಮೂರೂ ತತ್ತಿ ಮುಚ್ಚಿಕೊಂಡು ಕೂತಿತ್ತು. ಅಡಿಕೆ ಗಾತ್ರದ ಕಲ್ಲುಗಳು ಅದರ ಬೆನ್ನಿಗೆ ಬಡಿದು ಪುಟಿಯುತ್ತಿದ್ದವು. ಬಡಿದಾಗಲೆಲ್ಲ ಕಣ್ಣು ಮುಚ್ಚುತ್ತಿತ್ತು, ಅಷ್ಟೇ. ಜಾಗ ಬಿಟ್ಟು ಕದಲಲಿಲ್ಲ.

"ಅಲ್ಲಿ ಸಂಡಿಗಿ ನೀರಾತು, ಇಕಿ ಇಲ್ಲಿ ಗೊಂಬಿ ನಿಂತಂಗ ನಿಂತಾಳ!" ಎಂದು ಬೈಯುತ್ತ ಅತ್ತೆ ಬಂದರು. ನನ್ನ ಕಣ್ಣು ಹೋದ ಕಡೆ ಅವರೂ ನೋಡಿದರು. ಬೈಗುಳ ಅರ್ಧಕ್ಕೇ ನಿಂತಿತು. ನನ್ನ ಪಕ್ಕಕ್ಕೆ ಬಂದು ನಿಂತು ಕೇಳಿದರು:

"ಎಲ್ಲಿಗ್ಯಾರ ಹೋಗಬಾರ್ದೇನ ಅದು? ರೆಕ್ಕಿ ಅದಾವಲ್ಲ?"

"ತತ್ತಿಗಿ ರೆಕ್ಕಿ ಇಲ್ಲಲ್ರಿ ಅತ್ತಿ," ಅಂದೆ. ಅದು ನಾನು ಅವರಿಗೆ ಕೊಟ್ಟ ಮೊದಲ ಎದುರುತ್ತರ. ಅವರು ಬೈಯಲಿಲ್ಲ. ಮಳೆ ನಿಂತು, ಹಕ್ಕಿ ಮೈ ಕೊಡವಿಕೊಂಡು ಮತ್ತೆ ಕೂತದ್ದನ್ನು ಕಂಡ ಮೇಲೆಯೇ ಕೆಳಗಿಳಿದರು. ಆ ರಾತ್ರಿ ಊಟಕ್ಕೆ ಬಡಿಸುತ್ತ ಮಾವನವರಿಗೆ, "ಸುಣ್ಣ ಈಗೇನು ಅವಸರಿಲ್ಲ, ದೀಪಾವಳಿಗಿ ಹೊಡಸ್ರಿ" ಅಂದರು. ಮಾವನವರು ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನ ಮುಖ ನೋಡಿದರು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಅತ್ತೆಗೆ ಒಬ್ಬರ ಮೇಲೆ ಕರುಣೆ ಹುಟ್ಟಿತೆಂದರೆ ಅದು ಅವರ ಸಿಟ್ಟಿಗಿಂತ ಅಪಾಯದ್ದು. ಮಳೆಯ ಮರುದಿನದಿಂದಲೇ ಬಿಸಿಲು ಉರಿಯತೊಡಗಿತು. ಆ ಗೋಡೆ ಪಡುವಣಕ್ಕೆ; ಮಧ್ಯಾಹ್ನ ತಿರುಗಿದರೆ ಕಲ್ಲಿನ ಮೇಲೆ ರೊಟ್ಟಿ ಬೇಯಿಸಬಹುದು. ಡೇಗೆ ಆಗ ಕಾವಿಗೆ ಕೂರುತ್ತಿರಲಿಲ್ಲ, ಎದ್ದು ನಿಲ್ಲುತ್ತಿತ್ತು. ಸೂರ್ಯನಿಗೆ ಬೆನ್ನು ಮಾಡಿ, ರೆಕ್ಕೆ ಅರ್ಧ ಇಳಿಬಿಟ್ಟು ತತ್ತಿಗಳಿಗೆ ನೆರಳು ಹಿಡಿಯುತ್ತಿತ್ತು. ಸೂರ್ಯ ಸರಿದಂತೆ ತಾನೂ ಸರಿಯುತ್ತಿತ್ತು. ಕೊಕ್ಕು ತೆರೆದು ತೇಕುತ್ತಿದ್ದುದು ನಮಗೆ ಕೆಳಗಿನಿಂದಲೂ ಕಾಣುತ್ತಿತ್ತು.

"ಗಂಟಲ ಒಣಗ್ಯದ ಅದರದ್ದು," ಎಂದು ಅತ್ತೆ ಚಡಪಡಿಸಿದರು. ಬೇಸಿಗೆಯಲ್ಲಿ ನಮ್ಮ ಮನೆಯ ಔಷಧಿ ಒಂದೇ, ಹಸಿ ಗೋಣಿತಟ್ಟು. ಕಿಟಕಿಗೆ ತಟ್ಟು, ನೀರಿನ ಗಡಿಗೆಗೆ ತಟ್ಟು, ಮಲ್ಲಿಗೆ ಬಳ್ಳಿಗೆ ತಟ್ಟು. ನೆನೆಸಿ ಕಟ್ಟಿದ ತಟ್ಟಿನಿಂದ ವಾಸಿಯಾಗದ ಕಷ್ಟ ಲೋಕದಲ್ಲಿದೆಯೆಂದು ಅತ್ತೆ ನಂಬಿರಲಿಲ್ಲ. ತತ್ತಿ ಕಂಡು ಬಂದಿದ್ದ ಹಮಾಲನನ್ನೇ ಕರೆದು ಏಣಿ ಹತ್ತಿಸಿದರು. ಡೇಗೆ ಎದ್ದು ಕಿರುಚುತ್ತ ಎರಗಿ ಅವನ ರುಮಾಲು ಕಿತ್ತು ಕಣಕ್ಕೆ ಒಗೆಯಿತು. ಆದರೂ ಅವನು ಬಿಡದೆ ನಾಲ್ಕು ಮೂಲೆಗೆ ಹಗ್ಗ ಬಿಗಿದು ತತ್ತಿಗಳ ಮೇಲೆ ಹಂದರದಂತೆ ತಟ್ಟು ಕಟ್ಟಿ, ಒಂದು ತಂಬಿಗೆ ನೀರು ಸುರಿದು ಇಳಿದ. ಇಳಿದವನೇ ನನ್ನ ಗಂಡನ ಜೊತೆ ಲಾರಿ ಹತ್ತಿ, ಭತ್ತ ತರಲು ಮಾನ್ವಿಗೆ ಹೋದ.

"ಈಗ ತಂಪಾಗಿ ಕುಂದರ್ತದ ನೋಡು," ಅಂದರು ಅತ್ತೆ.

ಅದು ಕೂರಲಿಲ್ಲ. ಹತ್ತಿರ ಬಂದು ತಟ್ಟನ್ನು ಕಂಡು ಬೆದರಿ ತಿರುಗುತ್ತಿತ್ತು. ಮಿಲ್ಲಿನ ಚಿಮಣಿಯ ಮೇಲೆ ಕೂತು ಕೂಗುತ್ತಿತ್ತು. ಗಂಡೂ ಬಂತು, ಎರಡೂ ಸುತ್ತಿದವು, ಎರಡೂ ಕೂಗಿದವು, ಯಾವುದೂ ಇಳಿಯಲಿಲ್ಲ. ತಟ್ಟಿನಿಂದ ನೀರು ತತ್ತಿಯ ಜಾಗಕ್ಕೇ ತೊಟ್ಟಿಕ್ಕುತ್ತಿತ್ತು. ಆಮೇಲೆ ಗಾಳಿ ಎದ್ದಿತು. ಒಂದು ಮೂಲೆಯ ಗಂಟು ಸಡಿಲಿ, ತಟ್ಟು ಕಲ್ಲಿನ ಮೇಲೆ ಪಟಪಟ ಬಡಿಯತೊಡಗಿತು. ಇನ್ನೊಂದು ಗಂಟು ಬಿಚ್ಚಿದರೆ ತತ್ತಿಗಳನ್ನು ಕಸ ಗುಡಿಸಿದಂತೆ ಕೆಳಗೆ ಗುಡಿಸಿಹಾಕುವುದು.

"ಅಯ್ಯ ಶಿವನೇ, ನಾನೇ ಕೊಂದ್ನಲ್ಲ ಅವನ್ನ!" ಎಂದು ಅತ್ತೆ ಬಾಯಿ ಬಡಿದುಕೊಂಡರು. ಉಳಿದ ಹಮಾಲರನ್ನು ಕರೆದರೆ, ರುಮಾಲಿನ ಗತಿ ಕಂಡವರು ಒಬ್ಬರೂ ಮುಂದೆ ಬರಲಿಲ್ಲ. "ಕಣ್ಣು ಕೀಳ್ತದ್ರಿ ಯವ್ವಾ, ಚೀಲ ಹೊರಾಕ ಹೇಳ್ರಿ, ಹೊರ್ತೀವಿ." ಅತ್ತೆ ನನ್ನ ಕಡೆ ತಿರುಗಿದರು.

"ದೇವದುರ್ಗದಾಗ ನೀ ಹುಣಚಿಗಿಡ ಏರ್ತಿದ್ದೆಂತ ನಿಮ್ಮವ್ವ ಹೇಳ್ತಿದ್ಲು. ಖರೆ ಏನು?"

"ಖರೆ ರೀ."

"ಸೀರಿ ಕಚ್ಚಿ ಹಾಕು."

ಚೇಷ್ಟೆ ಮಾಡುತ್ತಿದ್ದಾರೆಂದುಕೊಂಡೆ. ಕೆಳಗಿನ ಕಟ್ಟೆಯ ಮೇಲೆ ಮಾವನವರು ನಾಲ್ಕು ಜನ ವ್ಯಾಪಾರಸ್ಥರ ಜೊತೆ ಕೂತಿದ್ದರು. ಅವರೆದುರು ನಾನು ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ. "ಮಾವಾರು ಅದಾರ್ರಿ, ಮಂದಿ ಅದಾರ…" ಎಂದು ತೊದಲಿದೆ. ಅತ್ತೆ ಮಾಳಿಗೆಯ ಅಂಚಿಗೆ ಹೋಗಿ ಬಗ್ಗಿ, ಅಂಗಡಿ ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಏನ್ರೀ! ಎಲ್ಲಾರೂ ಗೇಟಿನ ಕಡಿ ಮುಖ ಮಾಡ್ರಿ! ನನ್ನ ಸೊಸಿ ಗ್ವಾಡಿ ಏರ್ತಾಳ!"

ಪುಣ್ಯಾತ್ಮರು, ಯಾಕೆಂದು ಕೇಳದೆ ಅಷ್ಟೂ ಜನ ಸಾಲಾಗಿ ಗೇಟಿನ ಕಡೆ ತಿರುಗಿ ಕೂತರು. ಏಣಿಯ ಕಬ್ಬಿಣ ಕಾದಿತ್ತು. ಅತ್ತೆ ಧೋತರ ಹರಿದು ನೆನೆಸಿ ನನ್ನ ಎರಡೂ ಅಂಗೈಗೆ ಸುತ್ತಿದರು, ಸೊಂಟಕ್ಕೆ ಚಾಕು ಸಿಕ್ಕಿಸಿದರು. ನಾನು ಹತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಡೇಗೆ ಎರಗಿತು. ಕಿವಿಯ ಪಕ್ಕ ಗಾಳಿ ಸೀಳಿದ ಸದ್ದಿಗೆ ಕಣ್ಣು ಮುಚ್ಚಿ ಏಣಿ ಅಪ್ಪಿಕೊಂಡೆ. ಮತ್ತೆ ಬಂತು, ಮತ್ತೆ ಅಪ್ಪಿಕೊಂಡೆ. ನಿನ್ನ ಸಲುವಾಗಿಯೇ ಬಂದಿದ್ದೇನೆ ತಾಯಿ ಎಂದು ಅದಕ್ಕೆ ಹೇಳುವುದು ಹೇಗೆ?

ಮೇಲೆ ಮುಟ್ಟಿದಾಗ ಕಂಡೆ. ಧೂಳಿನಲ್ಲಿ ಬೊಗಸೆಯಷ್ಟು ಗುಳಿ, ಅದರಲ್ಲಿ ಮೂರು ತತ್ತಿ, ಕೆಂಪು ಮಣ್ಣಿನ ಬಣ್ಣ, ಮೇಲೆ ಗಾಢ ಚುಕ್ಕೆ. ಒಂದರ ಮೇಲೆ ನೀರು ಬಿದ್ದು ಕೆಸರು ಮೆತ್ತಿತ್ತು. ಇಷ್ಟೇ ಇಷ್ಟು ಆಸ್ತಿಗಾಗಿ ಆ ಹಕ್ಕಿ ಆಣೆಕಲ್ಲು ತಿಂದಿತ್ತು. ಒರೆಸಲು ಕೈ ಹೋಯಿತು.

"ಮುಟ್ಟಬ್ಯಾಡ!" ಕೆಳಗಿನಿಂದ ಅತ್ತೆಯ ದನಿ. "ಹಗ್ಗ ಕೊಯ್ದು ಇಳಿ!"

ಹಗ್ಗ ಕೊಯ್ದೆ. ತಟ್ಟು ಕಣಕ್ಕೆ ಬಿತ್ತು. ಇಳಿದು ಬಂದೆ. ನಾವಿಬ್ಬರೂ ಮೆಟ್ಟಿಲ ಕೋಣೆಯ ನೆಲದ ಮೇಲೆ ಕೂತೆವು; ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದರು, ಬಿಡಲಿಲ್ಲ. ಡೇಗೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಆಮೇಲೆ ಕಲ್ಲಿನ ತುದಿಗೆ ಇಳಿಯಿತು. ಪಾರಿವಾಳವನ್ನು ಸೀಳುವ ಆ ಉಗುರುಗಳನ್ನು ಮುಷ್ಟಿಯಂತೆ ಒಳಗೆ ಮಡಚಿಕೊಂಡು, ತತ್ತಿಗೆ ತಾಗದಂತೆ ಮೆಲ್ಲಮೆಲ್ಲನೆ ಹೆಜ್ಜೆಯಿಟ್ಟು ಹೋಗಿ, ಸೂರ್ಯನಿಗೆ ಬೆನ್ನು ಕೊಟ್ಟು ರೆಕ್ಕೆ ಬಿಚ್ಚಿ ನಿಂತಿತು. ಅತ್ತೆ ಕೈ ಮುಗಿದರು.

ಎರಡು ಮರಿ ಆದವು, ಬಿಳಿ ಹತ್ತಿಯ ಉಂಡೆಗಳಂಥವು. ಮೂರನೆಯ ತತ್ತಿ ಒಡೆಯಲೇ ಇಲ್ಲ. ಅದು ತಮ್ಮ ತಟ್ಟಿನ ನೀರಿಗೇ ಕೆಟ್ಟಿತೆಂದು ಅತ್ತೆ ಕೊರಗಿದರು. ಇರಲಿಕ್ಕಿಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಮರಿಗಳು ಕಲ್ಲಿನ ತುದಿಗೆ ಬಂದು ರೆಕ್ಕೆ ಬಡಿಯುವ ಹೊತ್ತಿಗೆ, ಮಾನ್ವಿಯಿಂದ ಅತ್ತೆಯ ಮಗಳ ಅತ್ತೆ ಬಂದರು. ಸುದ್ದಿ ಅಲ್ಲಿಯವರೆಗೆ ಹೋಗಿತ್ತು. ನಾನು ಒಳಗೆ ಚಹಾ ಸೋಸುತ್ತಿದ್ದೆ; ಪಡಸಾಲೆಯ ಮಾತು ಕೇಳಿಸುತ್ತಿತ್ತು.

"ಅಲ್ರೀ ಬೀಗತಿ, ನಿಮ್ಮ ಸೊಸಿ ಹತ್ತು ಮಂದಿ ಮುಂದ ಕಚ್ಚಿ ಹಾಕ್ಕೊಂಡು ಗ್ವಾಡಿ ಏರಿದ್ಲಂತ? ಕೇಳಿದೋರು ಏನಂದಾರು?"

"ಅಕಿ ಏರ್ಲಿಲ್ರಿ," ಅಂದರು ಅತ್ತೆ. "ನಾನು ಏರ್ಸೀನಿ. ತಪ್ಪು ನಂದು, ಅಕಿ ತಿದ್ದಿ ಬಂದ್ಲು. ಅನ್ನೋರಿದ್ರ ನನಗನ್ರಿ."

ನನ್ನ ಕೈಯಲ್ಲಿದ್ದ ಚಹಾ ಅರ್ಧ ಕಪ್ಪು-ಬಸಿಯೊಳಗೆ, ಅರ್ಧ ಒಲೆಯ ಮೇಲೆ ಬಿತ್ತು.