ಅವಳೇ ಆರಿಸಿಕೊಂಡ ಗಂಡ

ಮೊನ್ನೆ ಮಾಲೂರಿನಲ್ಲಿ ರೈಲು ಹತ್ತಿದ ಹುಡುಗಿಯೊಬ್ಬಳು ನನ್ನೆದುರು ಕೂತು, ನಾವು ಡಿಗ್ರಿಯಲ್ಲಿ ಓದಿದ್ದ ಕಾದಂಬರಿಯನ್ನೇ ಓದುತ್ತಿದ್ದಳು. ನಿಮಗೂ ಅಂಥದ್ದೊಂದು ಪಠ್ಯ ಇದ್ದಿರಬಹುದು. ತನ್ನ ಜಮೀನನ್ನು ತಾನೇ ನೋಡಿಕೊಳ್ಳುವ ನಾಯಕಿ, ಕಾದು ಕೂತ ಸಜ್ಜನನನ್ನು ಬಿಟ್ಟು ಮಾತಿನ ಮೋಡಿಯವನೊಬ್ಬನನ್ನು ಮದುವೆಯಾಗಿ ಕಷ್ಟಪಡುತ್ತಾಳೆ. ಕೊನೆಗೆ ಆ ಗಂಡ ಸರಿಯಾದ ಸಮಯಕ್ಕೆ ಸಾಯುತ್ತಾನೆ. ಸಜ್ಜನ ಇನ್ನೂ ಕಾಯುತ್ತಲೇ ಇರುತ್ತಾನೆ.

ಕೋಲಾರದ ಕಾಲೇಜಿನಲ್ಲಿ ಮೇಷ್ಟ್ರು, ನಾಯಕಿಯ ಆಯ್ಕೆ ಸರಿಯೇ ಎಂದು ಕೇಳಿದ್ದರು. ನಾನು ಗೈಡಿನಲ್ಲಿದ್ದುದನ್ನು ಒಪ್ಪಿಸಿ ಕೂತೆ. ಇವತ್ತಿಗೂ ನನ್ನ ಬಹುಪಾಲು ಅಭಿಪ್ರಾಯಗಳು ಹಾಗೆ ಬಂದಂಥವೇ. ಪಕ್ಕದಲ್ಲಿದ್ದ ಮಂಜುಳಾ ಎದ್ದು, "ತಪ್ಪೇ ಇರಬಹುದು ಸಾರ್. ಆದ್ರೆ ತಪ್ಪು ಮಾಡೋಕೂ ಅವಳಿಗೆ ಬಿಡ್ಬೇಕಲ್ವಾ?" ಎಂದಳು.

ಮಂಜುಳಾ ಮಾಸ್ತಿಯವಳು. ತಂದೆ ಹೋದ ಮೇಲೆ ರೇಷ್ಮೆಸೊಪ್ಪಿನ ತೋಟ, ಹುಳದ ಮನೆ ಎಲ್ಲವನ್ನೂ ತಾಯಿಯ ಜೊತೆ ಅವಳೇ ನಿಭಾಯಿಸುತ್ತಿದ್ದಳು. ತೊಟ್ಟಿಲಲ್ಲಿದ್ದಾಗಲೇ ಅವಳನ್ನು ಸೋದರಮಾವನಿಗೆ ಕೊಡುವುದೆಂದು ಮಾತಾಗಿತ್ತು. ಅವಳು ಒಲ್ಲೆನೆಂದು, ತನಗೆ ಬೇಕಾದವನನ್ನು ಕಟ್ಟಿಕೊಂಡು ಮುಳಬಾಗಿಲಿಗೆ ಹೋದಳು. ನಗುನಗುತ್ತಾ ಮಾತಾಡುವ ಮನುಷ್ಯ. ನನಗೂ ಅವನು ಒಳ್ಳೆಯವನಂತೆಯೇ ಕಂಡಿದ್ದ.

ವರ್ಷ ತುಂಬುವುದರೊಳಗೆ ಹೊಡೆಯತೊಡಗಿದ. ಹೆಣ್ಣುಮಗುವನ್ನು ಎತ್ತಿಕೊಂಡು ಅವಳು ತವರಿಗೆ ಬಂದಾಗ ತಾಯಿ ಒಳಗೆ ಕರೆಯಲಿಲ್ಲ. ಮಗಳು ಒಲ್ಲೆನೆಂದು ತಮ್ಮನಿಗಾದ ಅವಮಾನದ ಸಿಟ್ಟು ಅವರಲ್ಲಿನ್ನೂ ಆರಿರಲಿಲ್ಲ. "ನೀನೇ ನೋಡಿ ಮಾಡ್ಕೊಂಡೋನಲ್ವೇನೇ? ನೀನೇ ಬಾಳು, ಹೋಗು" ಎಂದು ಬಾಗಿಲಿಂದಲೇ ಕಳಿಸಿದರು. ಇದನ್ನೆಲ್ಲ ಮಂಜುಳಾ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಅಳದೇ ಹೇಳಿದಳು. ನಮ್ಮನೆಗೆ ಬಾ ಅಂದೆ. ಎಷ್ಟು ದಿನ ಅಂತ ಕೇಳಿದಳು. ನಾನು ಯೋಚಿಸುತ್ತಿದ್ದಂತೆಯೇ ಮುಳಬಾಗಿಲಿನ ಬಸ್ಸು ಬಂತು, ಹತ್ತಿದಳು.

ಆ ಬೇಸಿಗೆ ಕಳೆಯುವ ಮೊದಲೇ ಅವಳ ಹೆಣ ಮಾಸ್ತಿಗೆ ಬಂತು. ಬಾವಿಗೆ ಬಿದ್ದಳೆಂದರು ಗಂಡನ ಕಡೆಯವರು. ಅವನು ಈಗಲೂ ಗಟ್ಟಿಮುಟ್ಟಾಗಿದ್ದಾನೆ, ಇನ್ನೊಂದು ಮದುವೆಯೂ ಆಗಿದೆ. ಮಣ್ಣು ಮಾಡುವ ಹೊತ್ತಿನಲ್ಲಿ ತಾಯಿ ನನ್ನ ಕೈ ಹಿಡಿದು, ತಮ್ಮನನ್ನೇ ಮಾಡಿಕೊಂಡಿದ್ದರೆ ಬದುಕಿರುತ್ತಿದ್ದಳಲ್ಲವೇ ಎಂದು ಮತ್ತೆ ಮತ್ತೆ ಕೇಳಿದರು. ಬಾಗಿಲು ತೆಗೆದಿದ್ದರೂ ಬದುಕಿರುತ್ತಿದ್ದಳು ಎಂದು ನಾನು ಹೇಳಲಿಲ್ಲ.

ಮಗುವನ್ನು ಅವರೇ ಸಾಕಿದರು. ಈಗ ಮಂಜುಳಾಳ ಆ ಮಗಳು ಕಂಪನಿ ಬಸ್ಸಿನಲ್ಲಿ ನರಸಾಪುರಕ್ಕೆ ಕೆಲಸಕ್ಕೆ ಹೋಗುತ್ತಾಳೆ. ರೈಲಿನಲ್ಲಿ ಆ ಪುಸ್ತಕ ಕಂಡ ಮೇಲೆ ಮನಸ್ಸು ತಡೆಯದೆ ಈ ಭಾನುವಾರ ಮಾಸ್ತಿಗೆ ಹೋದೆ. ಜೊತೆಗೆ ಕೆಲಸ ಮಾಡುವವನೊಬ್ಬನನ್ನು ಮದುವೆಯಾಗುತ್ತೇನೆಂದು ಹುಡುಗಿ ನನ್ನ ಮುಂದೆಯೇ ಅಜ್ಜಿಗೆ ಹೇಳಿದಳು. ಬೈಗುಳ ಶುರುವಾಗುತ್ತದೆಂದು ನಾನು ತಲೆ ತಗ್ಗಿಸಿದೆ. ಅಜ್ಜಿ ಅವನ ಊರು, ಜಾತಿ ಏನನ್ನೂ ಕೇಳಲಿಲ್ಲ. ಒಳಗೆ ಹೋಗಿ ಮನೆಯ ಇನ್ನೊಂದು ಬೀಗದ ಕೈ ತಂದು ಮೊಮ್ಮಗಳ ಕೈಯಲ್ಲಿಟ್ಟರು.

"ಯಾರನ್ನಾದ್ರೂ ಮಾಡ್ಕೊ ಕಣೇ. ಇದು ಮಾತ್ರ ಯಾವಾಗ್ಲೂ ನಿನ್ ಹತ್ರಾನೇ ಇರ್ಲಿ."

ಮದುವೆಗೆ ಮುಂಚೇನೇ ಇದೆಂಥ ಮಾತು ಎಂದು ಹುಡುಗಿ ನಕ್ಕಳು. ಅಜ್ಜಿ ನಗಲಿಲ್ಲ. ಅವಳು ಅದನ್ನು ಬ್ಯಾಗಿಗೆ ಹಾಕಿಕೊಳ್ಳುವವರೆಗೂ ಅಲ್ಲೇ ನಿಂತಿದ್ದರು.